ಮಳೆ ಬಂದರೆ ಕೇಡಲ್ಲ: ಬಯಲುಸೀಮೆಯ ಬೇಸಾಯದ ಗಾದೆಗಳು ಮತ್ತು ಅವುಗಳ ಅರ್ಥದ ತಕರಾರು

2021ರ ನವೆಂಬರ್‌ನಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಕೊಯ್ಲಿಗೆ ಬಂದಿದ್ದ ರಾಗಿಯ ಮೇಲೆ ಬಿಡದೆ ಮಳೆ ಸುರಿಯಿತು. ಬಲಿತ ಪೈರು ನೆಲ ಕಚ್ಚಿತು, ತೆನೆಯಲ್ಲೇ ಕಾಳು ಮೊಳೆಯಿತು, ದನಕ್ಕೆ ಆಗಬೇಕಿದ್ದ ಹುಲ್ಲು ಕೊಳೆಯಿತು. ಇದೇ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು, "ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ" ಎಂಬುದು. "ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಎಂಬುದೂ ಇಲ್ಲಿಯದೇ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ತೊಡಕು ಎದುರಾಗುತ್ತದೆ. ಮಳೆಯಿಂದ ಕೇಡಾಗುತ್ತದೆ ಎಂಬುದು ರಾಗಿ ಬೆಳೆಯುವ ಪ್ರತಿಯೊಬ್ಬನಿಗೂ ಗೊತ್ತು. ಹಾಗಿದ್ದೂ ಆತ ಆ ಗಾದೆಯನ್ನು ಕೈಬಿಟ್ಟಿಲ್ಲ, ಅದು ಸುಳ್ಳೆಂದು ಹೇಳಿದ್ದೂ ಇಲ್ಲ. ಹಾಗಾದರೆ ಗಾದೆ ಯಾವ ಅರ್ಥದಲ್ಲಿ ನಿಜ? ಅದು ಲೋಕದ ಬಗ್ಗೆ ಹೇಳುವ ಮಾತೋ, ನೀತಿಯೋ, ಅಧಿಕಾರದ ಮಾತೋ, ಅಥವಾ ಹೇಳುವ ಹೊತ್ತಿಗೆ ಮಾತ್ರ ಅರ್ಥ ಪಡೆಯುವ ಮಾತುಗಾರಿಕೆಯೋ? ಸುಮಾರು ನೂರೈವತ್ತು ವರ್ಷಗಳಿಂದ ಗಾದೆಗಳನ್ನು ಕೂಡಿಸಿದವರೂ ವಿವರಿಸಿದವರೂ ಈ ಪ್ರಶ್ನೆಗೆ ಬೇರೆಬೇರೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳನ್ನು ಒಂದು ಜಿಲ್ಲೆಯ ನೆಲದ ಮೇಲಿಟ್ಟು ತೂಗಿ ನೋಡುವುದು ಈ ಲೇಖನದ ಕೆಲಸ.

ಆ ಜಿಲ್ಲೆ ಬೆಂಗಳೂರು ಗ್ರಾಮಾಂತರ. 1986ರಲ್ಲಿ ಬೆಂಗಳೂರಿನಿಂದ ಬೇರೆಯಾದ ಜಿಲ್ಲೆ ಇದು. 2007ರಲ್ಲಿ ರಾಮನಗರದ ಭಾಗ ಕಳಚಿಕೊಂಡ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಉಳಿದವು. ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಈ ನೆಲವನ್ನು ಹಾಯ್ದು ಹೋಗುತ್ತವೆ. ಆದರೆ ವರ್ಷವಿಡೀ ನೀರು ಕೊಡುವ ಹೊಳೆ ಇಲ್ಲಿ ಇಲ್ಲ. ಬೇಸಾಯ ನಿಂತದ್ದು ಮಳೆಯ ಮೇಲೆ ಮತ್ತು ಮಳೆಯನ್ನು ಹಿಡಿದಿಟ್ಟ ಕೆರೆಗಳ ಮೇಲೆ, ಈಚಿನ ದಶಕಗಳಲ್ಲಿ ಕೊಳವೆಬಾವಿಯ ಮೇಲೆ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅದೂ ಒಂದೇ ಏರಿನಲ್ಲಿ ಬರುವುದಿಲ್ಲ. ಮೇ ತಿಂಗಳಲ್ಲಿ ಗುಡುಗಿನೊಂದಿಗೆ ಒಂದು ಏರು, ಜೂನ್‌ನಲ್ಲಿ ಇಳಿತ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ದೊಡ್ಡ ಏರು. ಗಾದೆಗಳ ಅರ್ಥ ಹುಡುಕುವವರು ಈ ಏರಿಳಿತವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಯಾಕೆಂದರೆ ಮುಂದಿನ ವಾದದ ಅರ್ಧ ಭಾರವನ್ನು ಅದೇ ಹೊರುತ್ತದೆ.

ಕೂಡಿಸಿದವರು ಮತ್ತು ಅವರ ಉದ್ದೇಶಗಳು

ಕನ್ನಡದ ಗಾದೆಗಳನ್ನು ಮುದ್ರಣಕ್ಕೆ ತಂದವರಲ್ಲಿ ಮೊದಲಿಗರು ಬಾಸೆಲ್ ಮಿಶನ್ನಿನವರು. ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳ ಜೊತೆಗೇ ಗಾದೆಗಳನ್ನೂ ಕೂಡಿಸಿದರು. 1894ರಲ್ಲಿ ಹೊರಬಂದ ಫರ್ಡಿನಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಇಂದಿಗೂ ಗಾದೆಗಳ ದೊಡ್ಡ ಕಣಜ. ಒಂದು ಪದದ ಬಳಕೆಯನ್ನು ತೋರಿಸಲು ಕಿಟ್ಟೆಲ್ ಕಾವ್ಯದ ಸಾಲಿನ ಪಕ್ಕದಲ್ಲಿಯೇ ಒಕ್ಕಲುಮಕ್ಕಳ ಗಾದೆಯನ್ನು ಇಟ್ಟರು. ಜನರ ಬಾಯಿಮಾತಿಗೂ ಕವಿಗಳ ಮಾತಿಗೂ ಒಂದೇ ಪುಟದಲ್ಲಿ ಜಾಗ ಸಿಕ್ಕದ್ದು ಸಣ್ಣ ಸಂಗತಿಯಲ್ಲ. ಆದರೆ ನಿಘಂಟಿನ ಸ್ವಭಾವವೇ ಹಾಗಾದ್ದರಿಂದ ಅಲ್ಲಿ ಗಾದೆ ಪದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ. ಅದನ್ನು ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದು ಅಲ್ಲಿಲ್ಲ.

ವಸಾಹತು ಆಡಳಿತಕ್ಕೆ ಗಾದೆಯಿಂದ ಆಗಬೇಕಿದ್ದ ಕೆಲಸ ಬೇರೆ. ಜನಗಣತಿಯ ಅಧಿಕಾರಿ ಹರ್ಬರ್ಟ್ ರಿಸ್ಲಿ 1908ರಲ್ಲಿ ಪ್ರಕಟಿಸಿದ ಭಾರತದ ಜನರನ್ನು ಕುರಿತ ಪುಸ್ತಕದಲ್ಲಿ ಜಾತಿಗಳ ಬಗೆಗಿನ ಗಾದೆಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಒಂದು ಜಾತಿ ಇನ್ನೊಂದನ್ನು ಹೀಗಳೆದ ಮಾತುಗಳು ಅಲ್ಲಿ ಆಯಾ ಜಾತಿಯ ಗುಣದ ಪುರಾವೆಗಳಾಗಿ ಕುಳಿತವು. ಜಗಳದಲ್ಲಿ ಆಡಿದ ಮಾತು ಕಡತ ಸೇರಿ ಜ್ಞಾನವಾಯಿತು. ಗಾದೆಯನ್ನು ಸಂದರ್ಭದಿಂದ ಕಿತ್ತರೆ ಎಷ್ಟು ಅಪಾಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಏಕೀಕರಣದ ಕಾಲಕ್ಕೆ ಬಂದರೆ ಗಾದೆ ನಾಡಿನ ಸ್ವತ್ತು ಎಂಬ ಹೆಮ್ಮೆ ಬೆಳೆದಿತ್ತು. ಎ. ಕೆ. ರಾಮಾನುಜನ್ ತಮ್ಮ ಇಪ್ಪತ್ತರ ಹರೆಯದಲ್ಲಿ ಸಿದ್ಧಪಡಿಸಿದ ಗಾದೆಗಳ ಕಿರುಪುಸ್ತಕ 1955ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬಂತು. ಮೈಸೂರು ವಿಶ್ವವಿದ್ಯಾಲಯದಲ್ಲಿ ಜಾನಪದ ಒಂದು ಅಧ್ಯಯನ ವಿಷಯವಾಯಿತು, ಜೀ. ಶಂ. ಪರಮಶಿವಯ್ಯನವರಂಥವರು ಹಳ್ಳಿಹಳ್ಳಿ ತಿರುಗಿದರು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ವಿಶ್ವವಿದ್ಯಾಲಯ ಬಂತು. ಈ ದುಡಿಮೆಯಿಂದ ಸಾವಿರಾರು ಗಾದೆಗಳು ಉಳಿದವು. ಆದರೆ ಹೆಚ್ಚಿನ ಸಂಕಲನಗಳು ಅಕಾರಾದಿಯಾಗಿ ಸಾಗುತ್ತವೆ. ಒಂದು ಗಾದೆ, ಕೆಳಗೊಂದು ಅರ್ಥ.

ಇದೇ ಕೆಲಸವನ್ನು ಐರ್ಲೆಂಡ್ ಇನ್ನೊಂದು ಬಗೆಯಲ್ಲಿ ಮಾಡಿತು. 1935ರಲ್ಲಿ ಸ್ಥಾಪನೆಯಾದ ಅಲ್ಲಿನ ಜಾನಪದ ಆಯೋಗ 1937ರಿಂದ 1939ರ ವರೆಗೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಯ ಮಕ್ಕಳನ್ನೇ ಸಂಗ್ರಹಕಾರರನ್ನಾಗಿಸಿತು. ಸುಮಾರು 5,000 ಶಾಲೆಗಳ ಮಕ್ಕಳು ಅಜ್ಜ-ಅಜ್ಜಿಯರನ್ನೂ ನೆರೆಯವರನ್ನೂ ಕೇಳಿ ಹಳೆಯ ಮಾತು, ಮಳೆ-ಗಾಳಿಯ ಲಕ್ಷಣ, ಊರಿನ ಕಸುಬುಗಳ ಬಗ್ಗೆ ನೋಟ್‌ಬುಕ್‌ಗಳಲ್ಲಿ ಬರೆದರು. ಅನೇಕ ಕಡೆ ಹೇಳಿದವರ ಹೆಸರು, ವಯಸ್ಸು, ಊರು ದಾಖಲಾದವು. ಹೀಗಾಗಿ ಅಲ್ಲಿನ ಒಂದು ಹವಾಮಾನದ ಮಾತು ಯಾವ ಕಡಲತೀರದ್ದು, ಯಾವ ಜೌಗುನೆಲದ್ದು ಎಂದು ಇಂದಿಗೂ ಹುಡುಕಿ ನೋಡಬಹುದು. ಕನ್ನಡದ ಬಹುಪಾಲು ಸಂಕಲನಗಳಿಂದ ಅದು ಸಾಧ್ಯವಿಲ್ಲ. ಈ ಕೊರತೆಯೇ ಮುಂದಿನ ಪಂಥಗಳ ಜಗಳಕ್ಕೆ ಎಡೆಮಾಡಿತು ಎಂಬುದು ನನ್ನ ಅಭಿಪ್ರಾಯ.

ನೀತಿ ಎಂದವರು

ಅತಿ ಹಳೆಯ ಮತ್ತು ಅತಿ ಹರಡಿದ ನಿಲುವು ಗಾದೆಯನ್ನು ಹಿರಿಯರ ಅನುಭವದ ಸಾರ ಎನ್ನುತ್ತದೆ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯಲ್ಲಿ ಗಾದೆಯನ್ನು ವಿಸ್ತರಿಸಿ ಬರೆಯಲು ಕೇಳುವುದು ಈ ನಿಲುವಿನಿಂದಲೇ. "ಗಾದೆಗಳು ವೇದಗಳಿಗೆ ಸಮಾನ" ಎಂದು ಶುರುಮಾಡಿ, ಗಾದೆಯನ್ನು ಬಿಡಿಸಿ, ಒಂದು ನೀತಿಗೆ ಮುಗಿಸುವ ಪದ್ಧತಿ ತಲೆಮಾರುಗಳಿಂದ ನಡೆದಿದೆ. ಈ ಪಂಥ ಒಂದನ್ನು ಚೆನ್ನಾಗಿ ವಿವರಿಸುತ್ತದೆ. ಗಾದೆ ಹೇಳಿದಾಗ ಹೇಳಿದವನ ಸ್ವಂತ ಅಭಿಪ್ರಾಯಕ್ಕಿಂತ ಹೆಚ್ಚಿನ ತೂಕ ಆ ಮಾತಿಗೆ ಬರುವುದು ಯಾಕೆ ಎಂದರೆ, ಹಿಂದಿನವರೆಲ್ಲ ಅದರ ಬೆನ್ನಿಗಿದ್ದಾರೆ ಎಂಬ ನಂಬಿಕೆಯಿಂದ. ಆದರೆ "ನಿಧಾನವೇ ಪ್ರಧಾನ" ಎಂಬುದೂ "ಗಾಳಿ ಬಂದಾಗ ತೂರಿಕೋ" ಎಂಬುದೂ ಒಂದೇ ಮನೆಯಲ್ಲಿ, ಒಂದೇ ಬಾಯಲ್ಲಿ ಬದುಕಿರುವುದು ಹೇಗೆ ಎಂಬುದಕ್ಕೆ ಇಲ್ಲಿ ಉತ್ತರವಿಲ್ಲ. ಎರಡೂ ನೀತಿಗಳಾದರೆ ಒಂದು ಇನ್ನೊಂದನ್ನು ಸುಳ್ಳು ಮಾಡಬೇಕಿತ್ತು. ಕಣದಲ್ಲಿ ರಾಗಿ ತೂರುವವನಿಗೆ ಈ ಪೇಚು ಇಲ್ಲ. ಗಾಳಿ ಬೀಸುವ ತನಕ ಕಾಯಲೇಬೇಕು, ಬೀಸಿದ ಕೂಡಲೇ ಮೊರ ಎತ್ತಲೇಬೇಕು. ಅವೆರಡೂ ಒಂದೇ ಕೆಲಸದ ಎರಡು ಹೊತ್ತುಗಳು.

ಹೊಲ ಎಂದವರು

ಎರಡನೆಯ ಪಂಥ ಗಾದೆಯನ್ನು ಬೇಸಾಯದ ಜ್ಞಾನ ಎಂದು ಓದುತ್ತದೆ. ಅದರ ಬಲವಾದ ಆಧಾರ ಮಳೆಗಾದೆಗಳು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು-ಹದಿನಾಲ್ಕು ದಿನಗಳಿಗೆ ಆ ನಕ್ಷತ್ರದ ಮಳೆಯ ಹೆಸರು. ಏಪ್ರಿಲ್ ನಡುವೆ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕೆ, ಮೇ ಕೊನೆಗೆ ರೋಹಿಣಿ, ಜೂನ್‌ನಲ್ಲಿ ಮೃಗಶಿರೆ ಮತ್ತು ಆರಿದ್ರೆ, ಜುಲೈನಲ್ಲಿ ಪುನರ್ವಸು, ಪುಷ್ಯ, ಆಗಸ್ಟ್‌ನಲ್ಲಿ ಆಶ್ಲೇಷೆ, ಮಘೆ, ಅಲ್ಲಿಂದ ಹುಬ್ಬೆ, ಉತ್ತರೆ, ಸೆಪ್ಟೆಂಬರ್ ಕೊನೆಗೆ ಹಸ್ತೆ, ಅಕ್ಟೋಬರ್‌ನಲ್ಲಿ ಚಿತ್ತೆ, ಸ್ವಾತಿ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ", "ಆರಿದ್ರೆ ಮಳೆ ಬಂದರೆ ದಾರಿದ್ರ್ಯ ಹೋದೀತು", "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು", "ಹಸ್ತೆ ಮಳೆ ಬಾರದಿದ್ದರೆ ಹೆತ್ತ ತಾಯಿಯೂ ಅನ್ನ ಹಾಕಳು", ಎಲ್ಲಿ ಬೀಳುವುದೋ ತಿಳಿಯದ "ಕುರುಡು ಚಿತ್ತೆ". ಇವೆಲ್ಲ ಕನ್ನಡನಾಡಿನ ಉದ್ದಗಲಕ್ಕೂ ಚಿಕ್ಕಪುಟ್ಟ ಬದಲಾವಣೆಗಳೊಂದಿಗೆ ಹರಡಿವೆ.

ಇವನ್ನು ಹವಾಮಾನ ಮುನ್ಸೂಚನೆ ಎಂದು ಕರೆಯುವ ರೂಢಿ ಬೆಳೆದಿದೆ. ಅದು ತಪ್ಪು. ಇವುಗಳ ವಾಕ್ಯರಚನೆಯನ್ನು ನೋಡಬೇಕು: ಬಂದರೆ, ಬಾರದಿದ್ದರೆ, ಬಂದಷ್ಟೂ. ಭರಣಿ ಮಳೆ ಬರುತ್ತದೆ ಎಂದು ಗಾದೆ ಎಲ್ಲೂ ಹೇಳುವುದಿಲ್ಲ. ಬಂದರೆ ಏನು, ಬಾರದಿದ್ದರೆ ಏನು ಎಂದಷ್ಟೇ ಹೇಳುತ್ತದೆ. ಮುನ್ಸೂಚನೆ ಕೊಡುವ ಹೊಣೆ ಹಳ್ಳಿಯಲ್ಲಿ ಬೇರೆಯವರದು. ಯುಗಾದಿಯ ದಿನ ಪಂಚಾಂಗ ಓದಿ ಆ ವರ್ಷ ಮಳೆ ಎಷ್ಟು ಎಂದು ಹೇಳುವವರದು. ಅದೇ ಯುಗಾದಿಗೆ ಹೊನ್ನಾರು ಕಟ್ಟುವ ರೈತ ಪಂಚಾಂಗವನ್ನೂ ಕೇಳಿಸಿಕೊಳ್ಳುತ್ತಿದ್ದ, ಗಾದೆಯನ್ನೂ ಇಟ್ಟುಕೊಳ್ಳುತ್ತಿದ್ದ. ಎರಡರ ಕೆಲಸ ಬೇರೆ ಎಂಬುದು ಅವನಿಗೆ ಗೊತ್ತಿತ್ತು. ಗಾದೆ, ಬಿದ್ದ ಮಳೆಯನ್ನು ಕಂಡು ಮುಂದಿನ ಹೆಜ್ಜೆ ನಿರ್ಧರಿಸುವ ಲೆಕ್ಕ.

ಆ ಲೆಕ್ಕ ಈ ನೆಲಕ್ಕೆ ಎಷ್ಟು ಹೊಂದುತ್ತದೆ ಎಂಬುದನ್ನು ಪರೀಕ್ಷಿಸಬಹುದು. ಮೇ ತಿಂಗಳ ಏರಿನ ಮೊದಲ ಮಳೆಗಳು ಭರಣಿ, ಕೃತ್ತಿಕೆ. ನೆಲ ಹಸಿಯಾದರೆ ಉಳುಮೆ ಸಾಗುತ್ತದೆ, ಮುಂಗಾರಿನ ಎಳ್ಳು, ಅಲಸಂದೆ ಬಿತ್ತನೆಯಾಗುತ್ತದೆ. ಈ ಮಳೆ ತಪ್ಪಿದರೆ ಆ ಬೆಳೆಗಳ ಆಸೆ ಬಿಟ್ಟು ರಾಗಿಗೆ ಹೊಲ ಕಾಯ್ದಿಡಬೇಕು. ದೀರ್ಘಾವಧಿಯ ರಾಗಿ ನಾಲ್ಕು ತಿಂಗಳ ಬೆಳೆ. ಜುಲೈನಲ್ಲಿ ಕೂರಿಗೆ ಹಿಡಿದರೆ ಅದು ತೆನೆ ಕಟ್ಟುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ. ಸರಿಯಾಗಿ ಹಸ್ತೆಯ ಮಳೆಯ ದಿನಗಳವು. ಆ ಹೊತ್ತಿಗೆ ತೇವ ತಪ್ಪಿದರೆ ತೆನೆ ಬಂದರೂ ಕಾಳು ಜೊಳ್ಳು. ಹೆತ್ತ ತಾಯಿ ಅನ್ನ ಹಾಕಳು ಎಂಬ ಕಠೋರ ಮಾತು ರಾಗಿಯ ಜೀವಿತದ ಅತ್ಯಂತ ಸೂಕ್ಷ್ಮ ಹದಿನೈದು ದಿನಗಳ ಮೇಲೆ ಬಂದು ಕೂತಿರುವುದು ಆಕಸ್ಮಿಕ ಎನ್ನಲು ನನಗೆ ಧೈರ್ಯವಿಲ್ಲ. ಚಿತ್ತೆ ಕುರುಡು ಎಂಬುದೂ ಹಾಗೆಯೇ. ಅಕ್ಟೋಬರ್‌ನಲ್ಲಿ ಮುಂಗಾರು ಮಾರುತ ಹಿಂದೆ ಸರಿದು ಈಶಾನ್ಯದ ಗಾಳಿ ತಿರುಗುವಾಗ ಮಧ್ಯಾಹ್ನದ ಕಾವಿಗೆ ಎದ್ದ ಗುಡುಗು ಮೋಡಗಳಿಂದ ಮಳೆ ಬರುತ್ತದೆ. ಅದು ಒಂದು ಊರನ್ನು ತೋಯಿಸಿ ಪಕ್ಕದ ಊರನ್ನು ಒಣಗಲು ಬಿಡುತ್ತದೆ. ಹವಾಮಾನ ಶಾಸ್ತ್ರ ಹೇಳುವುದನ್ನೇ ಗಾದೆ ಒಂದೇ ಪದದಲ್ಲಿ ಹೇಳಿದೆ.

ಈ ಪಂಥದ ವಿರುದ್ಧ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು ಪ್ರಾಸದ್ದು. ಭರಣಿ-ಧರಣಿ, ಆರಿದ್ರೆ-ದಾರಿದ್ರ್ಯ: ಇಲ್ಲಿ ಅರ್ಥವನ್ನು ತಂದದ್ದು ಹೊಲವೋ ಪ್ರಾಸವೋ? ನಕ್ಷತ್ರದ ಹೆಸರು ಬೇರೆಯಿದ್ದರೆ ಗಾದೆಯೂ ಬೇರೆಯಾಗುತ್ತಿತ್ತಲ್ಲ? ಸ್ವಾತಿ ಮಳೆಗೆ ಮುತ್ತಿನ ಮಾತು ಅಂಟಿರುವುದನ್ನು ನೋಡಿದರೆ ಈ ಅನುಮಾನ ಬಲಿಯುತ್ತದೆ. ಸ್ವಾತಿಯ ಹನಿ ಚಿಪ್ಪಿನಲ್ಲಿ ಮುತ್ತಾಗುತ್ತದೆಂಬುದು ಕವಿಸಮಯ, ಹೊಲದಲ್ಲಿ ಹುಟ್ಟಿದ್ದಲ್ಲ. ಪ್ರಾಸ ಕೆಲವು ಗಾದೆಗಳನ್ನು ಹುಟ್ಟಿಸಿದೆ ಎಂದು ಒಪ್ಪಲೇಬೇಕು. ಆರಿದ್ರೆಯ ಗಾದೆ ಅಂಥದ್ದೇ ಇರಬಹುದು. ಮಲೆನಾಡಿಗೆ ಅದು ಸರಿಯಾದರೂ ಜೂನ್‌ನಲ್ಲಿ ಮಳೆ ಇಳಿಮುಖವಾಗುವ ಈ ಜಿಲ್ಲೆಗೆ ಅಷ್ಟು ಒಪ್ಪುವುದಿಲ್ಲ. ಆದರೆ ಕುರುಡು ಚಿತ್ತೆಗೆ ಪ್ರಾಸವಿಲ್ಲ. ಹಸ್ತೆ-ಹೆತ್ತ ಎಂಬಲ್ಲಿ ಇರುವ ಸಣ್ಣ ನಾದಹೊಂದಿಕೆಗೆ "ಹಸ್ತೆ ಬಂದರೆ ಹೆತ್ತಮ್ಮನ ಮಡಿಲು" ಎಂಬಂಥ ಬರಿಯ ಹೊಗಳಿಕೆಯೂ ಸಾಕಾಗುತ್ತಿತ್ತು, ಹಸಿವಿನ ಎಚ್ಚರಿಕೆಯೇ ಬೇಕಿರಲಿಲ್ಲ. ಪ್ರಾಸ ನೆನಪಿಗೆ ನೆರವಾಗುತ್ತದೆ, ಯಾವ ಪ್ರಾಸ ಉಳಿಯಬೇಕು ಎಂಬುದನ್ನು ಹೊಲ ನಿರ್ಧರಿಸುತ್ತದೆ. ಸೀಮೆ ಬದಲಾದಂತೆ ಮೆಚ್ಚಿನ ಮಳೆ ಬದಲಾಗುವುದೂ ಇದನ್ನೇ ಹೇಳುತ್ತದೆ. ಹಿಂಗಾರು ಜೋಳದ ಉತ್ತರದ ಎರೆನೆಲದಲ್ಲಿ ಜೋಳದ ಹೆಸರಿನ ಮಳೆಗಾದೆಗಳು, ರಾಗಿಯ ದಕ್ಷಿಣದಲ್ಲಿ ಮಘೆ-ಹಸ್ತೆಯ ಚಿಂತೆ.

ಎರಡನೆಯ ಆಕ್ಷೇಪ ಕಾಲದ್ದು. ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಪಂಚಾಂಗದ ನಕ್ಷತ್ರದ ವರ್ಷ ಋತುಗಳ ವರ್ಷಕ್ಕಿಂತ ಸ್ವಲ್ಪ ಉದ್ದ. ಹೀಗಾಗಿ ಸುಮಾರು 60-70 ವರ್ಷಕ್ಕೊಂದು ದಿನದಂತೆ ನಕ್ಷತ್ರದ ಮಳೆ ಋತುವಿನಲ್ಲಿ ಮುಂದಕ್ಕೆ ಜಾರುತ್ತದೆ. 800-1,000 ವರ್ಷಗಳಲ್ಲಿ ಒಂದು ಇಡೀ ಮಳೆಯಷ್ಟು ವ್ಯತ್ಯಾಸ. ಚಾಳುಕ್ಯ-ಹೊಯ್ಸಳರ ಕಾಲದಲ್ಲಿ ಹಸ್ತೆಯ ಮಳೆ ಈಗಿನ ಉತ್ತರೆಯ ದಿನಗಳಲ್ಲಿ ಬರುತ್ತಿತ್ತು ಎಂದಾಯಿತು. ಹಸ್ತೆಯ ಗಾದೆ ಇಂದಿನ ರಾಗಿಗೆ ಇಷ್ಟು ಸರಿಯಾಗಿ ಹೊಂದುವುದಾದರೆ, ಒಂದೋ ಅದು ಜನ ನಂಬುವಷ್ಟು ಪುರಾತನವಲ್ಲ, ಇಲ್ಲವೇ ತಲೆಮಾರುಗಳು ಅದನ್ನು ಸದ್ದಿಲ್ಲದೆ ತಿದ್ದುತ್ತ ಬಂದಿವೆ. ಎರಡರಲ್ಲಿ ಯಾವುದಾದರೂ "ಅನಾದಿ ಕಾಲದ ಅನುಭವ" ಎಂಬ ಹೊಗಳಿಕೆ ನಿಲ್ಲುವುದಿಲ್ಲ. ಆದರೆ ಇದರಿಂದ ಹೊಲದ ಪಂಥ ಸೋಲುವುದಿಲ್ಲ, ಬಲಗೊಳ್ಳುತ್ತದೆ. ತಿದ್ದಿಕೊಳ್ಳಬಲ್ಲ ಮಾತು ಮಾತ್ರ ಜ್ಞಾನ.

ಯಾರ ಬಾಯಿ, ಯಾರ ಕಿವಿ

ಮೂರನೆಯ ಪಂಥ ಗಾದೆಯಲ್ಲಿ ಅಧಿಕಾರವನ್ನು ಕಾಣುತ್ತದೆ. ದಲಿತ-ಬಂಡಾಯದ ಚಿಂತನೆಯೂ ಸ್ತ್ರೀವಾದವೂ ಬೆಳೆದಂತೆ ಕನ್ನಡದಲ್ಲಿ ಈ ಓದು ಗಟ್ಟಿಯಾಯಿತು. "ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಎಂಬುದನ್ನು ಅನುಭವದ ಸಾರ ಎನ್ನುವ ಮೊದಲು ಇದು ಯಾರ ಅನುಭವ ಎಂದು ಕೇಳಬೇಕು. ಆಳು ಇಟ್ಟವನದು. ಹೊಲ ಉತ್ತು, ಕಳೆ ಕಿತ್ತು, ರಾಗಿ ಕೊಯ್ದ ಆಳಿನ ಕಡೆಯಿಂದ ಈ ಮಾತು ಹುಟ್ಟಲಾರದು. "ಬಡವನ ಕೋಪ ದವಡೆಗೆ ಮೂಲ" ಎಂಬುದು ಬಡವನಿಗೆ ಕೊಟ್ಟ ಬುದ್ಧಿವಾದದಂತೆ ಕೇಳಿಸಿದರೂ ಏಟು ಕೊಡುವ ಕೈಯ ಬಗ್ಗೆ ಏನೂ ಹೇಳುವುದಿಲ್ಲ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ಹೇಳಿ ನೆರೆಯವರು ಬಾಗಿಲು ಮುಚ್ಚಿಕೊಂಡಾಗ ಒಳಗೆ ಏಟು ತಿನ್ನುತ್ತಿದ್ದವಳಿಗೆ ಆ ಗಾದೆ ಎಷ್ಟು ದುಬಾರಿಯಾಯಿತು ಎಂಬುದನ್ನು ಯಾವ ಸಂಕಲನವೂ ಬರೆದಿಲ್ಲ. "ಮಗ ಉಂಡರೆ ಕೇಡಲ್ಲ" ಎಂಬ ಮುದ್ದಿನ ಮಾತಿನಲ್ಲೂ ಉಣ್ಣುವುದು ಮಗ. ಮಗಳು ಆ ವಾಕ್ಯದಲ್ಲಿ ಇಲ್ಲ, ಬಡಿಸುವ ತಾಯಿಯೂ ಇಲ್ಲ.

ಈ ಟೀಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ಗಾದೆಗಳ ಒಂದು ಮಗ್ಗುಲನ್ನಷ್ಟೇ ಬೆಳಗುತ್ತದೆ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಎಂಬುದು ಸೋತವಳ ಬಾಯಲ್ಲಿ ಬೆದರಿಕೆ. "ಬೇಲಿಯೇ ಎದ್ದು ಹೊಲ ಮೇಯ್ದಂತೆ" ಎಂಬುದನ್ನು ಕಾಯಬೇಕಾದವನೇ ಕದ್ದಾಗ ಕೆಳಗಿನವರು ಮೇಲಿನವರಿಗೆ ಹೇಳುತ್ತಾರೆ. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ" ಎಂಬುದು ತಪ್ಪಿಲ್ಲದೆ ಶಿಕ್ಷೆ ಉಂಡವರ ದೂರು. ಗಾದೆ ಒಂದೇ ವರ್ಗದ ಆಸ್ತಿಯಾಗಿದ್ದರೆ ಇವು ಹುಟ್ಟುತ್ತಿರಲಿಲ್ಲ. ಸಂಗ್ರಹಕಾರರು ಹೆಚ್ಚಾಗಿ ಗೌಡರ ಜಗುಲಿಯಲ್ಲಿ ಕುಳಿತರೋ ಕೇರಿಯಲ್ಲಿ ಕುಳಿತರೋ ಎಂಬುದರ ಮೇಲೆ ಸಂಕಲನದ ದನಿ ನಿರ್ಧಾರವಾಗಿದೆ.

ಹೇಳುವ ಹೊತ್ತು

ನಾಲ್ಕನೆಯ ಪಂಥ ಕಳೆದ ಶತಮಾನದ ಅರವತ್ತು-ಎಪ್ಪತ್ತರ ದಶಕಗಳಲ್ಲಿ ರೂಪುಗೊಂಡಿತು. 1964ರಲ್ಲಿ ಅರೆವಾ ಮತ್ತು ಅಲನ್ ಡಂಡಿಸ್ ನೈಜೀರಿಯಾದ ಯೊರುಬಾ ಗಾದೆಗಳನ್ನು ಮುಂದಿಟ್ಟು, ಗಾದೆಯನ್ನಷ್ಟೇ ಕೂಡಿಸಿದರೆ ಸಾಲದು, ಅದನ್ನು ಯಾರು ಯಾರಿಗೆ ಯಾವಾಗ ಹೇಳುತ್ತಾರೆ ಎಂಬುದನ್ನೂ ಕೂಡಿಸಬೇಕು ಎಂದು ವಾದಿಸಿದರು. 1973ರಲ್ಲಿ ಬಾರ್ಬರಾ ಕಿರ್ಶೆನ್‌ಬ್ಲಾಟ್-ಗಿಂಬ್ಲೆಟ್ ಒಂದೇ ಇಂಗ್ಲಿಷ್ ಗಾದೆಗೆ ಒಂದೇ ತರಗತಿಯ ವಿದ್ಯಾರ್ಥಿಗಳು ಬೇರೆಬೇರೆ ಅರ್ಥ ಹೇಳುವುದನ್ನು ತೋರಿಸಿದರು. ಕನ್ನಡದ ಗಾದೆಗಳಿಂದಲೇ ತಮ್ಮ ವಿದ್ವತ್ತನ್ನು ಆರಂಭಿಸಿದ ರಾಮಾನುಜನ್ 1989ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಭಾರತೀಯ ಚಿಂತನೆ ಸಂದರ್ಭಕ್ಕೆ ಒಗ್ಗಿ ನಡೆಯುತ್ತದೆ, ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ನಿಯಮ ಎಂಬ ಹಟ ಅದಕ್ಕಿಲ್ಲ ಎಂದರು. ಗಾದೆಗಳ ಬಗ್ಗೆ ಹೇಳಬೇಕಾದ ಮುಖ್ಯ ಮಾತನ್ನು ಅವರು ಅಲ್ಲಿ ಹೇಳಿಬಿಟ್ಟರು ಎನಿಸುತ್ತದೆ.

ಈ ಕಣ್ಣಿನಿಂದ ನೋಡಿದರೆ ಮೊದಲಿನ ತೊಡಕು ಬಿಡಿಸಿಕೊಳ್ಳುತ್ತದೆ. ಸುಗ್ಗಿಯಲ್ಲಿ ರಾಗಿ ತೋಯುವಾಗ "ಮಳೆ ಬಂದರೆ ಕೇಡಲ್ಲ" ಎಂದು ಯಾರೂ ಹೇಳುವುದಿಲ್ಲ. ಮದುವೆಯ ಚಪ್ಪರ ನೆನೆಯಿತು, ಬಟ್ಟೆ ಒಣಗಲಿಲ್ಲ, ದಾರಿ ಕೆಸರಾಯಿತು ಎಂದು ಯಾರೋ ಮಳೆಯನ್ನು ಶಪಿಸಿದಾಗ ಹೇಳುತ್ತಾರೆ. ಕೆರೆ ತುಂಬುವುದು ಅಪರೂಪವಾದ ಸೀಮೆಯಲ್ಲಿ ಮಳೆಯನ್ನು ಬಯ್ಯುವುದು ಸಲ್ಲ ಎಂಬ ಮರ್ಯಾದೆಯ ಮಾತದು. ಹಾಗೆಯೇ "ಗಾದೆ ಸುಳ್ಳಾಗದು" ಎಂಬುದೂ ಸರಳವಾಗುತ್ತದೆ. ಒಪ್ಪುವ ಹೊತ್ತಿಗೆ ಮಾತ್ರ ಹೇಳುವ ಮಾತು ಒಪ್ಪದೆ ಹೋಗುವುದು ಹೇಗೆ? ಹೇಳುವವನ ಆಯ್ಕೆಯೇ ಗಾದೆಯ ಸತ್ಯವನ್ನು ಕಾಯುತ್ತದೆ.

ಇಲ್ಲೊಂದು ಗಂಭೀರ ಆಕ್ಷೇಪ ಬರುತ್ತದೆ. ಎಲ್ಲವೂ ಸಂದರ್ಭ ಎಂದುಬಿಟ್ಟರೆ ಜಾತಿಯನ್ನು ಹೀಗಳೆಯುವ ಗಾದೆಗೂ ಸಂದರ್ಭದ ಹೆಸರಿನಲ್ಲಿ ವಿನಾಯಿತಿ ಸಿಗುವುದಿಲ್ಲವೇ? ಸಿಗಬಾರದು, ಸಿಗುವುದೂ ಇಲ್ಲ. ಬೇಲಿಯ ಗಾದೆಯನ್ನು ಪೊಲೀಸರಿಗೂ ಅನ್ವಯಿಸಬಹುದು, ಬ್ಯಾಂಕಿನವರಿಗೂ ಅನ್ವಯಿಸಬಹುದು. ಹೀನಾಯದ ಗಾದೆಗೆ ಆ ಓಡಾಟವಿಲ್ಲ. ಅದರ ಗುರಿ ಪ್ರತಿಸಲವೂ ಅದೇ ಕೇರಿ, ಅದೇ ಜನ. ಹೇಳುವ ಹೊತ್ತನ್ನು ಗಮನಿಸುವುದೆಂದರೆ ಹೇಳಿದವನ ಹೊಣೆಯನ್ನು ಗುರುತಿಸುವುದು. "ಹಿರಿಯರ ಮಾತು" ಎಂದು ಜಾರಿಕೊಳ್ಳಲು ನೀತಿಯ ಪಂಥ ಬಿಡುತ್ತಿತ್ತು, ಇದು ಬಿಡುವುದಿಲ್ಲ.

ಆದರೆ ನಾಲ್ಕನೆಯ ಪಂಥಕ್ಕೂ ಒಂದು ಮಿತಿ ಇದೆ. ಅದನ್ನು ಗುರುತಿಸುವುದೇ ಈ ಲೇಖನದ ವಾದ. ಮಳೆಗಾದೆಗಳನ್ನು ಹೇಳುವ ಹೊತ್ತನ್ನು ಹೇಳುವವನು ಆರಿಸುವುದಿಲ್ಲ, ಪಂಚಾಂಗ ಆರಿಸುತ್ತದೆ. ಹಸ್ತೆ ಹುಟ್ಟಿದ ದಿನ ಹಸ್ತೆಯ ಗಾದೆ ಬರುತ್ತದೆ, ಒಪ್ಪಲಿ ಬಿಡಲಿ. ಆದ್ದರಿಂದ ಅದು ತಪ್ಪಾಗಬಲ್ಲದು. ಹಸ್ತೆ ತಪ್ಪಿಯೂ ಬೆಳೆ ಬಂದರೆ, ಅಥವಾ ಹಸ್ತೆ ಸುರಿದೂ ಬೆಳೆ ಹೋದರೆ, ಆ ಗಾದೆ ಲೆಕ್ಕ ಕೊಡಬೇಕಾಗುತ್ತದೆ. ಗಾದೆ ಎಂಬ ಒಂದೇ ಹೆಸರಿನಡಿಯಲ್ಲಿ ಎರಡು ಬಗೆಯ ಮಾತುಗಳಿವೆ: ಹೊಲಕ್ಕೆ ಉತ್ತರಿಸಬೇಕಾದವು, ಮನುಷ್ಯರ ನಡುವಿನ ಸಂದರ್ಭಕ್ಕೆ ಉತ್ತರಿಸಬೇಕಾದವು. ನಾಲ್ಕೂ ಪಂಥಗಳು ಇಡೀ ಗಾದೆಲೋಕಕ್ಕೆ ಒಂದೇ ಕೀಲಿ ಹುಡುಕಿದ್ದರಿಂದಲೇ ಜಗಳ ಮುಗಿದಿಲ್ಲ. ಇವೆರಡರ ನಡುವೆ ಓಡಾಡುವ ಗಾದೆಗಳೂ ಇವೆ, "ಗಾಳಿ ಬಂದಾಗ ತೂರಿಕೋ" ಅಂಥದ್ದು. ಕಣದಲ್ಲಿ ಅದು ಕೆಲಸದ ಸೂಚನೆ. ಚುನಾವಣೆಯ ಹೊತ್ತಿನಲ್ಲಿ ಅವಕಾಶವಾದದ ಹೆಸರು. ಕಣಗಳು ಕಡಿಮೆಯಾಗಿ ಯಂತ್ರಗಳು ರಾಗಿ ಒಕ್ಕುವಂತಾದ ಮೇಲೆ ಎರಡನೆಯ ಅರ್ಥವೇ ಮೊದಲನೆಯದಾಗಿದೆ.

ನೆಲ ಬದಲಾದಾಗ

2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಜಿಲ್ಲೆಯ ಹೊಲಗಳಿಗೆ ಬೇರೆಯ ಬೆಲೆ ಬಂತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಹೊರಟಾಗ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಭೂಸ್ವಾಧೀನವನ್ನು ಕೈಬಿಟ್ಟಿತು. ಆ ಹೊಲಗಳು ಉಳಿದರೆ ಅವುಗಳ ಜೊತೆ ಮಳೆಗಾದೆಗಳಿಗೂ ನಿಲ್ಲಲು ಜಾಗ ಉಳಿಯುತ್ತದೆ. ಉಳಿದ ಕಡೆ ಪರಿಸ್ಥಿತಿ ಕಠಿಣ. "ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು" ಎಂಬ ಗಾದೆ ಅರ್ಥವಾಗಬೇಕಾದರೆ ಒಂದೇ ನೊಗಕ್ಕೆ ಹೂಡಿದ ಎತ್ತು-ಕೋಣಗಳನ್ನು ಮನಸ್ಸಿನಲ್ಲಿ ಕಾಣಬೇಕು. ಅದಕ್ಕೂ ಮೊದಲು ನೀರಿರುವ ಕೆರೆ ಬೇಕು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತುಗಳು ಇಂದಿಗೂ ಸೇರುತ್ತವೆ. ಆದರೆ ಉಳುಮೆ ಟ್ರ್ಯಾಕ್ಟರಿನದು, ನೀರು ಸಾವಿರ ಅಡಿ ದಾಟಿದ ಕೊಳವೆಬಾವಿಯದು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರಿನಿಂದ ಕೆಲವು ಕೆರೆಗಳನ್ನು ತುಂಬಿಸಲಾಗುತ್ತಿದೆ. ಆ ಕೆರೆ ತುಂಬುವುದಕ್ಕೆ ಯಾವ ನಕ್ಷತ್ರದ ಹಂಗೂ ಇಲ್ಲ.

ಮಳೆಗಾದೆಯ ನಿರ್ಣಯದ ಕೆಲಸವನ್ನು ಈಗ ಬೇರೆಯವರು ಮಾಡುತ್ತಿದ್ದಾರೆ. ಬಿತ್ತನೆ ತಡವಾದರೆ ದೀರ್ಘಾವಧಿಯ ರಾಗಿ ಬಿಟ್ಟು ಅಲ್ಪಾವಧಿಯದಕ್ಕೆ ಹೋಗಿ ಎಂದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೂ ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವೂ ಹೇಳುತ್ತವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತದೆ, "ವರುಣಮಿತ್ರ" ಸಹಾಯವಾಣಿಯಲ್ಲಿ ಮುನ್ಸೂಚನೆ ಕೊಡುತ್ತದೆ. ಈ ಸಲಹೆಯ ರಚನೆಯೂ ಗಾದೆಯದೇ: ಬಂದರೆ ಇದು, ಬಾರದಿದ್ದರೆ ಅದು. ಹೊಲದ ಪಂಥದವರು ಇದನ್ನು ಗಾದೆಯ ಸೋಲು ಎಂದು ನೋಡಬೇಕಿಲ್ಲ.

ಬಗೆಹರಿಯದೆ ಉಳಿದವು

ಮೊದಲನೆಯದು ಕಾಲನಿರ್ಣಯ. ನಕ್ಷತ್ರದ ಜಾರುವಿಕೆಯನ್ನು ಹಿಡಿದು ಮಳೆಗಾದೆಗಳ ಪ್ರಾಯವನ್ನು ಅಂದಾಜಿಸಬಹುದೇ, ಅಥವಾ ತಲೆಮಾರಿಂದ ತಲೆಮಾರಿಗೆ ತಿದ್ದಿದ ಗುರುತೇ ಉಳಿಯದೆ ಆ ದಾರಿ ಮುಚ್ಚಿದೆಯೇ? ಎರಡನೆಯದು ಬರಹ ಮತ್ತು ಬಾಯಿಮಾತಿನ ಸಂಬಂಧ. ವಚನಗಳಲ್ಲಿ, ಸೋಮೇಶ್ವರ ಶತಕದಲ್ಲಿ, ಸರ್ವಜ್ಞನಲ್ಲಿ ಗಾದೆಯಂಥ ಮಾತುಗಳು ತುಂಬಿವೆ. ಜನರ ಮಾತನ್ನು ಕವಿಗಳು ಎತ್ತಿಕೊಂಡರೋ, ಕವಿಗಳ ಮಾತು ಜನರ ಬಾಯಿಗೆ ಬಂದು ಗಾದೆಯಾಯಿತೋ ಎಂಬುದು ಒಂದೊಂದು ಗಾದೆಗೂ ಬೇರೆಬೇರೆಯಾಗಿ ತೀರ್ಮಾನವಾಗಬೇಕಾದ ಪ್ರಶ್ನೆ. ಮೂರನೆಯದು ಹೆಂಗಸರ, ಆಳುಗಳ, ಕೇರಿಗಳ ಗಾದೆಗಳದು. ಸಂಕಲನಗಳಲ್ಲಿ ಅವು ಕಡಿಮೆ ಇರುವುದು ಅವು ಕಡಿಮೆ ಇದ್ದುದರಿಂದಲೋ ಕೇಳುವವರು ಅಲ್ಲಿಗೆ ಹೋಗದ್ದರಿಂದಲೋ? ನನ್ನ ಒಲವು ಎರಡನೆಯ ಉತ್ತರದ ಕಡೆಗೆ. ಆದರೆ ಒಲವು ಪುರಾವೆಯಲ್ಲ.

ಕೊನೆಯದು ಹವಾಮಾನದ್ದು. ಮಳೆಯ ಹಂಚಿಕೆಯೇ ಬದಲಾದರೆ ಹಸ್ತೆಯ ಗಾದೆಯೂ ಚಿತ್ತೆಯ ಗಾದೆಯೂ ಎಲ್ಲಿ ನಿಲ್ಲುತ್ತವೆ? ಪಂಚಾಯಿತಿವಾರು ಮಳೆಯ ದಾಖಲೆಯೂ ತಾಲ್ಲೂಕುವಾರು ರಾಗಿಯ ಇಳುವರಿಯೂ ಈಗ ಲಭ್ಯ. ಅವನ್ನು ಮಳೆಗಾದೆಗಳ ಎದುರಿಟ್ಟು ಯಾವ ಗಾದೆ ಯಾವ ತಾಲ್ಲೂಕಿನಲ್ಲಿ ನಿಲ್ಲುತ್ತದೆ, ಎಲ್ಲಿ ಜಾರಿದೆ ಎಂದು ನೋಡಬೇಕು. ನೆಲಮಂಗಲಕ್ಕೂ ಹೊಸಕೋಟೆಗೂ ಉತ್ತರ ಒಂದೇ ಆಗಬೇಕೆಂದೇನೂ ಇಲ್ಲ. ಬಿತ್ತನೆಯ ನಿರ್ಣಯಕ್ಕೆ ಗಾದೆಯನ್ನೇ ನೆಚ್ಚಿದ್ದ ತಲೆಮಾರು ಇನ್ನೂ ಬದುಕಿದೆ. ಎಂಬತ್ತು ದಾಟಿದ ಆ ಹಿರಿಯರನ್ನು ಯಾವ ಮಳೆಗೆ ಏನು ಬಿತ್ತಿದಿರಿ, ಯಾವ ವರ್ಷ ಗಾದೆಯನ್ನು ಕೈಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಕೇಳಿ, ಹೆಸರು-ಊರುಗಳೊಂದಿಗೆ ಬರೆದಿಡುವ ಕೆಲಸಕ್ಕೆ ಉಳಿದಿರುವ ಕಾಲ ಕಡಿಮೆ.